ಕನ್ನಡವನ್ನು ಕಲಿತು ಕಲಿಸಿದ ಉಪಾಧ್ಯಾಯರು: ಹೆರ್ಮನ್ ಮೊಗ್ಲಿಂಗ್ ಅಯ್ಯನವರ ಜೀವಿತ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಈ ಗಡಿಸೀಮೆಯಲ್ಲಿ ಕನ್ನಡವೂ ಮರಾಠಿಯೂ ಒಂದೇ ಓಣಿಯಲ್ಲಿ ಕೂಡಿ ಬಾಳುತ್ತವೆ. ಇವೆರಡರ ಮೇಲೆ ಇಂಗ್ಲಿಷಿನ ಆಶೆಯೂ ಸೇರಿದೆ. ಆದಕಾರಣ ಮಕ್ಕಳಿಗೆ ಯಾವ ಭಾಷೆಯಲ್ಲಿ ವಿದ್ಯೆ ಕಲಿಸಬೇಕೆಂಬ ಚಿಂತೆ ನಮ್ಮ ಸಭೆಗಳ ತಂದೆತಾಯಿಗಳನ್ನು ಬಿಟ್ಟಿಲ್ಲ. ಕ್ರೈಸ್ತರಾದ ಮೇಲೆ ಹಿರಿಯರ ನುಡಿಯಲ್ಲಿಯೂ ಪುಸ್ತಕಗಳಲ್ಲಿಯೂ ನಮಗೆ ಪಾಲುಂಟೋ ಇಲ್ಲವೋ ಎಂಬ ಸಂದೇಹವೂ ಕೆಲವರಲ್ಲಿ ಇದೆ. ಪರದೇಶದಲ್ಲಿ ಹುಟ್ಟಿದ್ದರೂ ಈ ಎರಡು ಪ್ರಶ್ನೆಗಳಿಗೆ ತಮ್ಮ ಬಾಳಿನಿಂದಲೇ ಉತ್ತರಕೊಟ್ಟ ಒಬ್ಬ ಉಪಾಧ್ಯಾಯರ ಚರಿತ್ರೆಯನ್ನು ನಾವು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ.

ಹೆರ್ಮನ್ ಮೊಗ್ಲಿಂಗ್ ಅಯ್ಯನವರು 1811ನೆಯ ಇಸವಿಯಲ್ಲಿ ಜರ್ಮನಿಯ ವುರ್ಟೆಂಬೆರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಊರಲ್ಲಿ ಹುಟ್ಟಿದರು. ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರವನ್ನು ಕಲಿತರು. ಮುಂದೆ ಮಲಯಾಳ ಭಾಷೆಗೆ ನಿಘಂಟನ್ನು ಬರೆದು ಹೆಸರುವಾಸಿಯಾದ ಗುಂಡರ್ಟ್ ಅಯ್ಯನವರು ಅಲ್ಲಿ ಅವರ ಸ್ನೇಹಿತರಾಗಿದ್ದರು. ಇಂಥ ವಿದ್ಯಾವಂತನಿಗೆ ಸ್ವದೇಶದಲ್ಲಿಯೇ ಮರ್ಯಾದೆಯ ಉದ್ಯೋಗ ದೊರೆಯುತ್ತಿತ್ತು. ಆದರೂ ಅವರು ಬಾಸೆಲ್ ಮಿಶನನ್ನು ಸೇರಿ 1836ರಲ್ಲಿ ಮಂಗಳೂರಿಗೆ ಬಂದರು. ಆ ಮಿಶನಿನ ಕೆಲಸವು ಮಂಗಳೂರಲ್ಲಿ ಆರಂಭವಾಗಿ ಆಗ ಎರಡೇ ವರುಷಗಳಾಗಿದ್ದವು. ನಮ್ಮ ಬೆಳಗಾವಿಯಲ್ಲಿಯಾದರೋ ಲಂಡನ್ ಮಿಶನಿನ ಟೇಲರ್ ಅಯ್ಯನವರು 1820ರಿಂದಲೇ ಸೇವೆಗೆ ತೊಡಗಿದ್ದರು.

ಬಂದವರು ಮೊದಲು ವಿದ್ಯಾರ್ಥಿಗಳಾದರು. ತಾನು ಕಲಿಯದ ಭಾಷೆಯಲ್ಲಿ ಯಾರಿಗೂ ಕಲಿಸಲಾಗದೆಂದು ತಿಳಿದು ಕನ್ನಡವನ್ನು ಬಹಳ ಶ್ರಮಪಟ್ಟು ಅಭ್ಯಾಸಮಾಡಿದರು. ತರುವಾಯ 1840ರ ಸುಮಾರಿಗೆ, ಈ ದೇಶದ ಹುಡುಗರನ್ನು ಉಪಾಧ್ಯಾಯರನ್ನಾಗಿಯೂ ಉಪದೇಶಿಗಳನ್ನಾಗಿಯೂ ಸಿದ್ಧಪಡಿಸುವ ಶಾಲೆಯ ಭಾರವನ್ನು ಹೊತ್ತರು. ಅವರು ಬಂಗಲೆಯಲ್ಲಿ ದೊರೆಯಂತೆ ಕುಳಿತಿರದೆ ಹುಡುಗರ ಸಂಗಡಲೇ ವಾಸಮಾಡಿ, ಅವರು ಉಣ್ಣುವದನ್ನು ತಾವೂ ಉಂಡರು. ಮಂಗಳೂರಿನ ದೇವಶಾಸ್ತ್ರ ವಿದ್ಯಾಲಯವು ಈ ಶಾಲೆಯಿಂದಲೇ ಬೆಳೆದದ್ದಾಗಿದೆ.

ಶಾಲೆಯ ನಾಲ್ಕು ಗೋಡೆಗಳೊಳಗಿನ ಪಾಠವು ಸಾಲದೆಂದು ಅವರಿಗೆ ಕಂಡಿತು. ಆ ಕಾಲದಲ್ಲಿ ಕನ್ನಡದಲ್ಲಿ ಸಮಾಚಾರ ಪತ್ರಿಕೆ ಎಂಬದೇ ಇದ್ದಿಲ್ಲ. ದೂರದ ಸೀಮೆಯಲ್ಲಿ ಏನು ನಡೆಯಿತೆಂದಾಗಲಿ, ಸರಕಾರವು ಯಾವ ಕಾಯಿದೆ ಮಾಡಿತೆಂದಾಗಲಿ ಸಾಮಾನ್ಯ ಜನರು ತಿಳಿಯುವದಕ್ಕೆ ಗಾಳಿಮಾತೇ ಆಧಾರವಾಗಿತ್ತು. ಆದದರಿಂದ ಅಯ್ಯನವರು 1843ನೆಯ ಜುಲೈ 1ರಂದು ಮಂಗಳೂರ ಸಮಾಚಾರವೆಂಬ ಪಾಕ್ಷಿಕ ಪತ್ರಿಕೆಯನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. ಅದರಲ್ಲಿ ಊರ ವರ್ತಮಾನವೂ ಸರಕಾರದ ನಿರೂಪಗಳೂ ಅನ್ಯರಾಜ್ಯಗಳ ಸುದ್ದಿಯೂ ಕಥೆಗಳೂ ಇರುತ್ತಿದ್ದವು. ಚರಿತ್ರೆಯನ್ನೂ ಭೂಗೋಳವನ್ನೂ ಲೋಕವ್ಯವಹಾರವನ್ನೂ ದೊಡ್ಡವರಿಗೆ ಕಲಿಸಿದ ಶಾಲೆ ಅದೇ ಎಂದು ಹೇಳಬಹುದು. ಮರುವರುಷವೇ ಪತ್ರಿಕೆಯು ಬಳ್ಳಾರಿಗೆ ಹೋಯಿತು. ಅಲ್ಲಿ ಅಚ್ಚಿನ ಮೊಳೆಗಳ ಅನುಕೂಲವಿತ್ತು. ಆಯುಷ್ಯವು ಅಲ್ಪವಾದರೂ ಅದು ಕನ್ನಡದ ಮೊದಲನೆಯ ಪತ್ರಿಕೆಯಾದ್ದರಿಂದ ಕರ್ನಾಟಕದಲ್ಲಿ ಜುಲೈ 1ನ್ನು ಪತ್ರಿಕಾ ದಿನವಾಗಿ ಆಚರಿಸುತ್ತಾರೆ.

1844ರಲ್ಲಿ ಕಠಿಣವಾದ ಶೋಧನೆಯೂ ಬಂತು. ಮಂಗಳೂರಿನ ಇಂಗ್ಲಿಷ್ ಶಾಲೆಯಲ್ಲಿ ಓದಿದ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ತರುಣನು ದೀಕ್ಷಾಸ್ನಾನ ಹೊಂದಿದಾಗ ಊರಲ್ಲಿ ದೊಡ್ಡ ಕೋಲಾಹಲವೆದ್ದಿತು. ಶಿಷ್ಯನು ಮನೆಯವರನ್ನೂ ಬಂಧುಗಳನ್ನೂ ಅಗಲಬೇಕಾಯಿತು. ಇಂಥ ಅಗಲಿಕೆಯ ನೋವು ಎಂಥದೆಂದು ನಮ್ಮ ಹಳ್ಳಿಗಳ ಎಷ್ಟೋ ಕುಟುಂಬಗಳು ಬಲ್ಲವು. ಗುರುಗಳು ಆ ಶಿಷ್ಯನನ್ನು ಕೈಬಿಡಲಿಲ್ಲ. ಕೌಂಡಿನ್ಯರು ಬಾಸೆಲಿನಲ್ಲಿ ಕಲಿತು, 1851ರಲ್ಲಿ ಅಭಿಷಿಕ್ತ ಬೋಧಕರಾಗಿ ತಿರಿಗಿ ಬಂದು, ಮಂಗಳೂರಿನಲ್ಲಿ ತಾವೇ ಉಪಾಧ್ಯಾಯರಾದರು.

ಮೊಗ್ಲಿಂಗ್ ಅಯ್ಯನವರು ಮಾಡಿದ ಇನ್ನೊಂದು ಕೆಲಸವನ್ನು ಕೇಳಿ ಕೆಲವರು ಆಶ್ಚರ್ಯಪಟ್ಟಾರು. ತಾಳೆಗರಿಗಳಲ್ಲಿ ಹುಳು ತಿನ್ನುತ್ತಿದ್ದ ಹಳೆಯ ಕಾವ್ಯಗಳನ್ನು ಹುಡುಕಿ ಕೂಡಿಸಿ ಅಚ್ಚುಹಾಕಿಸಿದರು. ಮದ್ರಾಸಿನ ನಿವೃತ್ತ ನ್ಯಾಯಾಧಿಪತಿ ಕಾಸಮೇಜರ್ ದೊರೆಗಳು ಅದರ ಖರ್ಚನ್ನು ವಹಿಸಿಕೊಂಡರು. ಹೀಗೆ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು ಮೊದಲಾದವು 1848ರಿಂದ 1853ರ ವರೆಗೆ ಒಂದು ಗ್ರಂಥಮಾಲೆಯಾಗಿ ಹೊರಬಂದವು. ಇದಲ್ಲದೆ ಜನರ ಬಾಯಲ್ಲಿದ್ದ ಗಾದೆಗಳನ್ನೂ ಸಂಗ್ರಹಿಸಿದರು. ಕ್ರೈಸ್ತ ಬೋಧಕನು ಅನ್ಯಮತದ ಗ್ರಂಥಗಳಿಗೆ ಇಷ್ಟು ಶ್ರಮಪಡುವದೇಕೆಂದು ಕೇಳಬಹುದು. ಜನರ ಹೃದಯವನ್ನು ತಿಳಿಯದವನು ಜನರಿಗೆ ಏನನ್ನೂ ತಿಳಿಸಲಾರನು. ಆ ಹೃದಯವು ಅವರ ಹಾಡುಗಳಲ್ಲಿಯೂ ಗಾದೆಗಳಲ್ಲಿಯೂ ಇರುವದು. ಒಕ್ಕಲಿಗನು ನೆಲದ ಗುಣವನ್ನು ನೋಡದೆ ಬೀಜ ಬಿತ್ತುವದುಂಟೋ?

1852ರಲ್ಲಿ ಅವರು ಸ್ವದೇಶಕ್ಕೆ ಹೊರಡುವ ಯೋಚನೆಯಲ್ಲಿರುವಾಗ ಅಲ್ಮಂಡ ಸೋಮಯ್ಯ ಎಂಬ ಕೊಡಗನು ಅವರನ್ನು ಹುಡುಕಿಕೊಂಡು ಬಂದನು. ಆತನ ನಿಮಿತ್ತ ಅಯ್ಯನವರು ಪ್ರಯಾಣವನ್ನು ಬಿಟ್ಟು ಮರುವರುಷ ಕೊಡಗಿಗೆ ಹೋದರು. ಅಲ್ಲಿಯ ಜನರ ನಡೆನುಡಿಗಳನ್ನೂ ರಾಜರ ಚರಿತ್ರೆಯನ್ನೂ ವಿಚಾರಿಸಿ 1855ರಲ್ಲಿ ಇಂಗ್ಲಿಷಿನಲ್ಲಿ ಕೊಡಗಿನ ವೃತ್ತಾಂತವನ್ನು ಪ್ರಕಟಿಸಿದರು. 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರ್ ಪದವಿಯನ್ನು ಕೊಟ್ಟು ಸನ್ಮಾನಿಸಿತು. ಪತ್ನಿಯ ಅಸ್ವಸ್ಥದ ನಿಮಿತ್ತ 1860ರಲ್ಲಿ ಈ ದೇಶವನ್ನು ಬಿಡಬೇಕಾಯಿತು. ಜರ್ಮನಿಯಲ್ಲಿದ್ದರೂ ಕನ್ನಡವನ್ನು ಮರೆಯದೆ ದಾಸರ ಪದಗಳನ್ನು ತಮ್ಮ ಮಾತೃಭಾಷೆಗೆ ತಿರುಗಿಸಿದರು. 1881ನೆಯ ಮೇ 10ರಂದು ಎಸ್ಲಿಂಗೆನ್ ಎಂಬಲ್ಲಿ ನಿದ್ರೆಹೋದರು. ಅವರು ಉತ್ತ ಹೊಲದಲ್ಲಿ ಕಿಟ್ಟೆಲ್ ಅಯ್ಯನವರು ದುಡಿದು 1894ರಲ್ಲಿ ಕನ್ನಡ ನಿಘಂಟೆಂಬ ದೊಡ್ಡ ಬೆಳೆಯನ್ನು ಕೊಯ್ದರು.

ಅದೇ 1881ರಲ್ಲಿಯೇ ಡೆಪ್ಯುಟಿ ಚನ್ನಬಸಪ್ಪನವರೂ ತೀರಿಕೊಂಡರು. ಮುಂಬಯಿ ಸರಕಾರದ ಕೈಕೆಳಗಿದ್ದ ನಮ್ಮ ಈ ಭಾಗದ ಶಾಲೆಗಳಲ್ಲಿ ಮರಾಠಿಯೇ ಬಲವಾಗಿದ್ದಾಗ, ಕನ್ನಡದ ಮಕ್ಕಳು ಕನ್ನಡದಲ್ಲಿ ಕಲಿಯಲೆಂದು ಶ್ರಮಪಟ್ಟವರು ಅವರು. ಒಬ್ಬರು ಪರದೇಶದ ಬೋಧಕರು, ಮತ್ತೊಬ್ಬರು ಈ ನಾಡಿನ ಶರಣಮಾರ್ಗದವರು. ಮಗುವಿಗೆ ತಾಯಿನುಡಿಯೇ ವಿದ್ಯೆಯ ಬಾಗಿಲೆಂಬದರಲ್ಲಿ ಇಬ್ಬರ ದುಡಿಮೆಯೂ ಒಂದೇ ಆಗಿತ್ತು.

ತಂದೆತಾಯಿಗಳೇ, ಮಕ್ಕಳು ಮರಾಠಿಯನ್ನು ಕಲಿಯಲಿ, ಇಂಗ್ಲಿಷನ್ನೂ ಕಲಿಯಲಿ. ನೆರೆಯವನ ಭಾಷೆಯನ್ನು ಕಲಿಯುವದು ನೆರೆಯವನನ್ನು ಪ್ರೀತಿಸುವದರ ಆರಂಭವಾಗಿದೆ. ಆದರೆ ಮನೆಯ ಭಾಷೆಯಲ್ಲಿ ಓದಬರೆಯಲು ಅರಿಯದ ಮಗುವಿಗೆ ಉಳಿದವುಗಳು ಅಡಿಪಾಯವಿಲ್ಲದ ಗೋಡೆಯಂತೆ ಆಗುವವು. ಊರ ಶಾಲೆಗಳ ಉಪಾಧ್ಯಾಯರೇ, ನಿಮ್ಮ ಸಂಬಳ ಸ್ವಲ್ಪವೂ ಕೆಲಸ ಬಹಳವೂ ಆಗಿರಬಹುದು. ಮೊಗ್ಲಿಂಗ್ ಅಯ್ಯನವರು ಬಿಟ್ಟುಹೋದ ಆಸ್ತಿ ಶಿಷ್ಯರೂ ಪುಸ್ತಕಗಳೂ ಆಗಿವೆ. ಅಂಥ ಆಸ್ತಿಯನ್ನು ಕೂಡಿಸಿಡುವದು ಹಳ್ಳಿಯ ಉಪಾಧ್ಯಾಯನಿಗೂ ಸಾಧ್ಯವೆಂದು ನಾವು ನಂಬುತ್ತೇವೆ.