ಟುವಾರೆಗರ ನಡುವೆ ಸಂತ ಚಾರ್ಲ್ಸ್

ನಮ್ಮ ಶಿರಹಟ್ಟಿ, ಮುಂಡರಗಿ ಕಡೆ ಲಂಬಾಣಿ ತಾಂಡಾಕ್ಕೊಬ್ಬ ನಾಯಕನಿರುತ್ತಾನೆ. ಸಹಾರಾ ಮರುಭೂಮಿಯಲ್ಲಿ ಬರ್ಬರ್ ಜನಾಂಗದ ಟುವಾರೆಗರು ಹಲವು ಬಣಗಳನ್ನು ಕೂಡಿಸಿ ಒಕ್ಕೂಟ ಕಟ್ಟಿಕೊಂಡಿದ್ದರು; ಅದರ ಹಿರಿಯನೇ ಅಮೆನೋಕಲ್. ಅಹಗ್ಗಾರ್ ಬೆಟ್ಟಸೀಮೆಯ ಒಕ್ಕೂಟದಲ್ಲಿ ಮೂರು ಬಣ, ಬಣಕ್ಕೊಂದು ನಗಾರಿ. ಹಿರಿತನ ಬರುತ್ತಿದ್ದುದು ತಾಯಿಯ ಕಡೆಯಿಂದ. ಮುಖಕ್ಕೆ ಮುಸುಕು ಹಾಕುತ್ತಿದ್ದವರು ಗಂಡಸರು!

1905ರಲ್ಲಿ ಅಮೆನೋಕಲ್ ಮೂಸಾನ ಒಪ್ಪಿಗೆ ಪಡೆದು ತಮನ್ರಸೆತ್‌ನಲ್ಲಿ ನೆಲೆಸಿದವರು ಫ್ರೆಂಚ್ ಗುರು ಚಾರ್ಲ್ಸ್ ದ ಫುಕೋ. 1858ರಲ್ಲಿ ಸಿರಿವಂತರ ಮನೆಯಲ್ಲಿ ಹುಟ್ಟಿ, ಆರನೇ ವಯಸ್ಸಿಗೆ ತಬ್ಬಲಿಯಾಗಿ, ಹರೆಯದಲ್ಲಿ ವಿಶ್ವಾಸವನ್ನೂ ಕಳೆದುಕೊಂಡು ಸೈನ್ಯ ಸೇರಿದ್ದವರು. ಮುಸ್ಲಿಮರ ಪ್ರಾರ್ಥನಾನಿಷ್ಠೆ ಅವರ ಮನಸ್ಸನ್ನು ಕಲಕಿತು. 1886ರಲ್ಲಿ ಪಾಪನಿವೇದನೆ ಮಾಡಿ ಮರಳಿದರು, 1901ರಲ್ಲಿ ಗುರುಪಟ್ಟ.

1907ರ ಕ್ರಿಸ್ಮಸ್ ಬಂತು. ಅಲ್ಲಿ ಇನ್ನೊಬ್ಬ ಕ್ರೈಸ್ತನಿರಲಿಲ್ಲ. ಒಬ್ಬರೇ ಬಲಿಪೂಜೆ ಅರ್ಪಿಸಲು ಆಗ ಅನುಮತಿಯೂ ಇರಲಿಲ್ಲ. ಅಂದು ಪೂಜೆ ನಡೆಯಲಿಲ್ಲ. ಭೀಕರ ಬರ ಬೇರೆ. ಇದ್ದುದನ್ನೆಲ್ಲ ಹಂಚಿ ಜನವರಿಯಲ್ಲಿ ಹಾಸಿಗೆ ಹಿಡಿದರು. ಆಗ ಟುವಾರೆಗರು ಸುತ್ತ ನಾಲ್ಕು ಕಿಲೋಮೀಟರಿನೊಳಗೆ ಹಾಲಿದ್ದ ಆಡುಗಳನ್ನೆಲ್ಲ ಹುಡುಕಿ, ತೊಟ್ಟು ತೊಟ್ಟು ಹಾಲು ತಂದು ಕುಡಿಸಿ ಉಳಿಸಿದರು. ಕೊಡಲು ಹೋದವರು ಪಡೆಯುವುದನ್ನು ಕಲಿತದ್ದು ಆಗಲೇ ಎಂದು ನನಗನಿಸುತ್ತದೆ.

ಫ್ರೆಂಚ್ ಸೈನ್ಯದ ನಂಟನ್ನು ಅವರು ಪೂರ್ತಿ ಬಿಡಲಿಲ್ಲ. ಆ ಬಗ್ಗೆ ಟೀಕೆಯೂ ಇದೆ. ಆದರೆ ಆ ಜನರ ನುಡಿಗೆ ಅವರು ಕಟ್ಟಿದ ನಿಘಂಟು ನಾಲ್ಕು ಸಂಪುಟಗಳಷ್ಟು! 1916ರ ಡಿಸೆಂಬರ್ 1ರಂದು ದಾಳಿಕೋರರ ಗುಂಡಿಗೆ ಬಲಿಯಾದಾಗ ಅವರ ಜೊತೆ ಒಬ್ಬ ಶಿಷ್ಯನೂ ಇರಲಿಲ್ಲ. ಕಿರಿಯ ಸಹೋದರರ ಸಭೆ ಹುಟ್ಟಿದ್ದು 1933ರಲ್ಲಿ.

2022ರ ಮೇ 15ರಂದು ಜಗದ್ಗುರು ಫ್ರಾನ್ಸಿಸರು ಅವರನ್ನು ಸಂತರೆಂದು ಸಾರಿದರು. ಅದೇ ಬಲಿಪೂಜೆಯಲ್ಲಿ ಸಂತ ಪದವಿಗೇರಿದ ಇನ್ನೊಬ್ಬರು ನಮ್ಮ ಕನ್ಯಾಕುಮಾರಿ ಕಡೆಯ ಗೃಹಸ್ಥ ದೇವಸಹಾಯಂ.