ಮಣ್ಣಿನ ಮರ್ಮವನ್ನರಿತ ಡಾ. ಕೋಲ್ಮನ್

ಉಲ್ಲಾಳದ ಸುತ್ತಣ ಹೊಲಗಳು ಬಡಾವಣೆಗಳಾಗುವ ಮುನ್ನ, ಬೆಂಗಳೂರಿನ ಪಶ್ಚಿಮದ ಈ ಸೀಮೆಯಲ್ಲಿ ರಾಗಿಯ ನಡುವೆ ಅವರೆಯ ಅಕ್ಕಡಿ ಸಾಲು ಬಿತ್ತುವುದು ರೈತರ ವಾಡಿಕೆಯಾಗಿತ್ತು. ಅವರೆಯ ಬೇರಿನ ಗಂಟುಗಳಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ಗಾಳಿಯಲ್ಲಿನ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತವೆ. ಬಿತ್ತಿದ ಕೆಲವು ವಾರಗಳಲ್ಲಿ ಮೂಡುವ ಈ ಗಂಟುಗಳ ಕಾರ್ಯವು ಹೂ ಬಿಡುವ ವೇಳೆಗೆ ಉತ್ಕರ್ಷಕ್ಕೇರಿ, ಕಾಯಿ ಬಲಿಯುವಾಗ ಕುಗ್ಗುತ್ತದೆ. ಬಳಿಕ ಅವು ಕೊಳೆತು ಮಣ್ಣನ್ನು ಸೇರುತ್ತವೆ. ಆದರೆ ಆ ಸಾರವು ಮರುವರ್ಷದ ರಾಗಿಗೆ ಚೆನ್ನಾಗಿ ದಕ್ಕಬೇಕಾದರೆ, ಮಣ್ಣಿನ ಬೇರೆ ಜೀವಾಣುಗಳು ಅದನ್ನು ನೈಟ್ರೇಟ್ ಲವಣವಾಗಿ ಮಾರ್ಪಡಿಸಬೇಕು. ಈ ಎರಡನೆಯ ಕ್ರಿಯೆಯನ್ನು ತಾರುಣ್ಯದಲ್ಲಿಯೇ ಶೋಧಿಸಹೊರಟವರು, ಮುಂದೆ ಮೈಸೂರು ಸಂಸ್ಥಾನದ ವೈಜ್ಞಾನಿಕ ಕೃಷಿಗೆ ತಳಹದಿ ಹಾಕಿದ ಡಾ. ಲೆಸ್ಲಿ ಕೋಲ್ಮನ್ ಅವರು.

ಕೋಲ್ಮನ್ನರು 1878ರಲ್ಲಿ ಕೆನಡಾ ದೇಶದ ಒಂಟಾರಿಯೊ ಪ್ರಾಂತದಲ್ಲಿ ಜನಿಸಿದರು. ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿ, ಜರ್ಮನಿಯ ಗಟಿಂಗೆನ್ನಿನಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. ನೈಟ್ರೀಕರಣವನ್ನು ಕುರಿತ ಅವರ ಪ್ರಬಂಧವು 1908ರಲ್ಲಿ ಅಚ್ಚಾಯಿತು. ಈ ಕ್ರಿಯೆ ತೇವ, ಉಷ್ಣ, ಗಾಳಿಗಳಿಗೆ ಅಧೀನವಾದುದು. ಬೇಸಗೆಯ ಒಣನೆಲದಲ್ಲಿ ಮಂದವಾಗಿದ್ದು, ಮೊದಲ ಮಳೆಗೆ ಚುರುಕಾಗುತ್ತದೆ. ಮಳೆ ಅತಿಯಾದರೆ ದೊರೆತ ನೈಟ್ರೇಟ್ ಬೇರಿಗೆ ನಿಲುಕದಂತೆ ಇಳಿದುಹೋಗುತ್ತದೆ. ಹದವರಿತು ಬಿತ್ತುವ ರೈತನ ಅನುಭವಕ್ಕೂ ಈ ಶಾಸ್ತ್ರಕ್ಕೂ ವಿರೋಧವಿಲ್ಲ.

ಅದೇ 1908ರಲ್ಲಿ ಅವರು ಮೈಸೂರಿನ ಸೇವೆಗೆ ಬಂದರು. ಕಲಿತ ವಿದ್ಯೆ ಒಂದಾದರೆ ನಾಡು ಬೇಡಿದ ಸೇವೆ ಮತ್ತೊಂದಾಯಿತು. ಮಲೆನಾಡಿನ ಅಡಕೆಯ ತೋಟಗಳು ಮಳೆಗಾಲದಲ್ಲಿ ಕೊಳೆರೋಗಕ್ಕೆ ತುತ್ತಾಗಿ, ಎಳೆಗಾಯಿಗಳು ಉದುರಿ, ವರ್ಷದ ಅನ್ನವೇ ನೆಲದ ಪಾಲಾಗುತ್ತಿತ್ತು. ಕೋಲ್ಮನ್ನರು ಆ ರೋಗದ ಶಿಲೀಂಧ್ರವನ್ನು 1910ರಲ್ಲಿ ವಿವರಿಸಿ, ಮೈಲುತುತ್ತ ಮತ್ತು ಸುಣ್ಣದ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ವಿಧಾನವನ್ನು ಬಳಕೆಗೆ ತಂದರು. ಇಂದಿಗೂ ಬೆಳೆಗಾರರು ಅದನ್ನು ಬಿಟ್ಟಿಲ್ಲ.

ಕೃಷಿ ಇಲಾಖೆಯ ನಿರ್ದೇಶಕರಾಗಿ ಅವರು ದೀರ್ಘಕಾಲ ದುಡಿದರು. 1913ರಲ್ಲಿ ಹೆಬ್ಬಾಳದ ಕೃಷಿಶಾಲೆಯೂ 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರವೂ ಸ್ಥಾಪನೆಗೊಂಡವು. 1934ರಲ್ಲಿ ನಿವೃತ್ತರಾದ ಅವರು 1954ರಲ್ಲಿ ಕಾಲವಶರಾದರು. ಹೆಬ್ಬಾಳದ ಶಾಲೆ 1946ರಲ್ಲಿ ಕಾಲೇಜಾಗಿ, 1964ರಲ್ಲಿ ಸ್ಥಾಪಿತವಾದ ಕೃಷಿ ವಿಶ್ವವಿದ್ಯಾನಿಲಯಕ್ಕೆ ಮೂಲವಾಯಿತು.

ಪದವಿ ತಂದ ವಿಷಯಕ್ಕೇ ಅಂಟಿಕೊಳ್ಳದೆ, ಎದುರಿಗಿದ್ದ ರೈತನ ಸಂಕಟವನ್ನೇ ತಮ್ಮ ಕಾಯಕವನ್ನಾಗಿ ಮಾಡಿಕೊಂಡುದು ಅವರ ಹಿರಿಮೆ. ಬೇರಿನ ಗಂಟು ತಾನಳಿದು ಮುಂದಿನ ಬೆಳೆಗೆ ಸಾರವಾಗುತ್ತದೆ. ದೂರದೇಶದಿಂದ ಬಂದ ಈ ವಿದ್ವಾಂಸರ ಬಾಳೂ ಈ ನಾಡಿನ ನೆಲಕ್ಕೆ ಹಾಗೆಯೇ ಸಂದಿತು. ವಿದ್ಯಾರ್ಥಿಗಳು ನೆನೆಯಬೇಕಾದ ಆದರ್ಶವಿದು.