ಪಾಠದ ಕೋಣೆಯಿಂದ ಗಂಧದ ಕಾರ್ಖಾನೆಗೆ: ಆಲ್ಫ್ರೆಡ್ ಚಾಟರ್ಟನ್

ಮೈಸೂರಿನ ಮಾನಂದವಾಡಿ ರಸ್ತೆಯಲ್ಲಿ ಓಡಾಡೋರಿಗೆಲ್ಲ ಶ್ರೀಗಂಧದ ಎಣ್ಣೆ ಕಾರ್ಖಾನೆ ಗೊತ್ತು. ಅದರ ಮಾತು ಬಂದ್ರೆ ನಾವು ವಿಶ್ವೇಶ್ವರಯ್ಯನವರನ್ನ ನೆನೀತೀವಿ. ಅವರ ಜೊತೆ ಕೆಲಸ ಮಾಡಿದ ಒಬ್ಬ ಎಂಜಿನಿಯರಿಂಗ್ ಮೇಷ್ಟ್ರನ್ನೂ ನೆನೀಬೇಕು. ಅವರೇ ಸರ್ ಆಲ್ಫ್ರೆಡ್ ಚಾಟರ್ಟನ್.

1866ರಲ್ಲಿ ಹುಟ್ಟಿದ ಈ ಇಂಗ್ಲಿಷ್ ಎಂಜಿನಿಯರ್ 1888ರಲ್ಲಿ ಮದ್ರಾಸಿನ ಎಂಜಿನಿಯರಿಂಗ್ ಕಾಲೇಜಿಗೆ, ಅಂದ್ರೆ ಇವತ್ತಿನ ಗಿಂಡಿ ಕಾಲೇಜಿಗೆ, ಪ್ರಾಧ್ಯಾಪಕರಾಗಿ ಬಂದರು. ಆದರೆ ಬರೀ ಬೋರ್ಡಿನ ಮೇಲೆ ಬರೆದು ಸುಮ್ಮನಾಗುವ ಜಾಯಮಾನ ಅವರದ್ದಲ್ಲ. 1898ರಲ್ಲಿ ಮದ್ರಾಸಿನ ಕಲಾಶಾಲೆಯಲ್ಲಿ ಅಲ್ಯುಮಿನಿಯಂ ಪಾತ್ರೆ ಮಾಡಿಸೋಕೆ ಶುರು ಮಾಡಿದರು. ಆಮೇಲೆ ಕ್ರೋಮ್ ಚರ್ಮ ಹದಮಾಡುವ ಕೆಲಸಕ್ಕೆ ಕೈಹಾಕಿದರು. ಕಪಿಲೆಯಲ್ಲಿ ನೀರೆತ್ತೋ ಚರ್ಮದ ಬಾನಿ ಬೇಗ ಕೊಳೆಯಬಾರದು ಅನ್ನೋದು ಅದರ ಒಂದು ಉದ್ದೇಶ. ರೈತರ ಬಾವಿಗೆ ಆಯಿಲ್ ಎಂಜಿನ್ ಮತ್ತು ಪಂಪು ತಂದರು. ಮಾಡಿದ ವಸ್ತುವನ್ನ ಜನ ಕೊಳ್ತಾರಾ, ಕಚ್ಚಾ ಮಾಲು ಎಲ್ಲಿಂದ ಬರುತ್ತೆ ಅನ್ನೋ ಪ್ರಶ್ನೆಗಳನ್ನ ಅವರು ಕಲಿತದ್ದು ಇಲ್ಲೇ.

ಸರ್ಕಾರವೇ ಕಾರ್ಖಾನೆ ನಡೆಸೋದು ಬೇಡ ಅಂತ 1910ರಲ್ಲಿ ಲಂಡನ್ನಿನಿಂದ ಆದೇಶ ಬಂತು. ಇಷ್ಟು ವರ್ಷದ ದುಡಿಮೆಗೆ ಅಲ್ಲಿ ದಾರಿ ಮುಚ್ಚಿತು. ಆಗ ಕರೆದದ್ದು ಮೈಸೂರು ಸಂಸ್ಥಾನ. 1912ರಲ್ಲಿ ಅವರು ಇಲ್ಲಿ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯ ನಿರ್ದೇಶಕರಾದರು.

ಅಸಲಿ ಪರೀಕ್ಷೆ ಬಂದದ್ದು 1914ರಲ್ಲಿ. ಅಲ್ಲಿಯವರೆಗೆ ನಮ್ಮ ಗಂಧದ ಮರ ಹರಾಜಾಗಿ ಯುರೋಪಿಗೆ, ಅದರಲ್ಲೂ ಹೆಚ್ಚಾಗಿ ಜರ್ಮನಿಗೆ ಹೋಗ್ತಿತ್ತು. ಎಣ್ಣೆ ತೆಗೆಯೋದು ಅಲ್ಲಿ. ಮಹಾಯುದ್ಧ ಶುರುವಾಯ್ತು, ಕೊಳ್ಳುವವರೇ ಇಲ್ಲದಂತಾಯ್ತು. ಈಗಿನ ಭಾಷೇಲಿ ಹೇಳೋದಾದ್ರೆ ಸಪ್ಲೈ ಚೈನ್ ಕಡಿದುಹೋಯ್ತು. ಸಂಸ್ಥಾನದ ದೊಡ್ಡ ಆದಾಯವೇ ನಿಂತುಹೋಗುವ ಹೊತ್ತು.

ಹೊಸ ಗಿರಾಕಿಯನ್ನ ಹುಡುಕ್ತಾ ಕೂರುವ ಬದಲು ಇಲ್ಲೇ ಎಣ್ಣೆ ತೆಗೆಯೋಣ ಅಂತ ಹೊರಟರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಸಡ್‌ಬರೋ ಮತ್ತು ವಾಟ್ಸನ್ ಪ್ರಯೋಗ ಮಾಡಿಕೊಟ್ಟರು. ದಿವಾನ್ ವಿಶ್ವೇಶ್ವರಯ್ಯನವರ ಬೆಂಬಲ ಇತ್ತು. 1916ರಲ್ಲಿ ಬೆಂಗಳೂರಿನಲ್ಲಿ, 1917ರಲ್ಲಿ ಮೈಸೂರಿನಲ್ಲಿ ಕಾರ್ಖಾನೆ ಶುರುವಾಯ್ತು. ಲೆಕ್ಕ ನೋಡಿ: 100 ಕೆಜಿ ಮರದಿಂದ ಬರೋದು ಸುಮಾರು 5 ಕೆಜಿ ಎಣ್ಣೆ. ಹಡಗಿಗೆ ಹೊರೆ ಕಮ್ಮಿ, ಲಾಭ ಮಾತ್ರ ನಮ್ಮೂರಲ್ಲೇ ಉಳೀತು.

1919ರಲ್ಲಿ ಅವರಿಗೆ ಸರ್ ಪದವಿ ಬಂತು. 1958ರಲ್ಲಿ ತೀರಿಕೊಂಡರು. ಮುಂದಿನ ಸಲ ಆ ರಸ್ತೇಲಿ ಹೋಗುವಾಗ, ಕಾರ್ಖಾನೆಯ ಗೇಟಿನ ಹತ್ರ ಒಂದು ನಿಮಿಷ ಈ ಮೇಷ್ಟ್ರನ್ನ ನೆನೆಸಿಕೊಳ್ಳಿ.